ಕ್ಯಾನ್ಸರ್ ಚಿಕಿತ್ಸೆಗೆ ಮುನ್ನ ಅಂಡಾಶಯದ ಸಂರಕ್ಷಣೆ

ಕ್ಯಾನ್ಸರ್‌ನಿಂದ ಗುಣಮುಖರಾದ ಯುವತಿಯರಲ್ಲಿ ಹಲವರು ತಾಯಿಯಾಗುವ ಅವಕಾಶದಿಂದ ವಂಚಿತರಾಗುತ್ತಾರೆ. ಇದಕ್ಕೆ ಕಾರಣ ಅಂಡಾಶಯದ ಸ್ವರೂಪದಲ್ಲೇ ಇದೆ. ಪುರುಷನ ದೇಹದಲ್ಲಿ ವೀರ್ಯಾಣುಗಳು ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಹೆಣ್ಣಿಗೆ ಆ ಅನುಕೂಲವಿಲ್ಲ. ಜನಿಸುವಾಗ ಸುಮಾರು 10ರಿಂದ 20 ಲಕ್ಷದಷ್ಟಿರುವ ಎಳೆಯ ಅಂಡಾಣುಗಳು ಋತುಮತಿಯಾಗುವ ಹೊತ್ತಿಗೆ ಮೂರು–ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ. ಜೀವಮಾನದಲ್ಲಿ ಪಕ್ವವಾಗಿ ಹೊರಬರುವುದು ಸುಮಾರು 400 ಮಾತ್ರ. ಸೈಕ್ಲೊಫಾಸ್ಫಮೈಡ್‌ನಂತಹ ಕಿಮೊಥೆರಪಿ ಔಷಧಗಳು ಹಾಗೂ ಕಿಬ್ಬೊಟ್ಟೆಗೆ ನೀಡುವ ವಿಕಿರಣ ಈ ದಾಸ್ತಾನನ್ನು ಅಕಾಲದಲ್ಲೇ ಬರಿದು ಮಾಡಬಲ್ಲವು.

ಅಂಡಾಣು ಅಥವಾ ಭ್ರೂಣವನ್ನು ಶೈತ್ಯೀಕರಿಸಿ ಇಡುವುದು ಪರಿಚಿತ ವಿಧಾನ. ಆದರೆ ಅದಕ್ಕೆ ಸುಮಾರು ಎರಡು ವಾರಗಳ ಹಾರ್ಮೋನು ಚುಚ್ಚುಮದ್ದು ಬೇಕು. ಅಷ್ಟು ಕಾಯಲು ರೋಗ ಬಿಡದಿದ್ದರೆ, ಅಥವಾ ರೋಗಿ ಇನ್ನೂ ಋತುಮತಿಯಾಗದ ಬಾಲಕಿಯಾಗಿದ್ದರೆ ಉಳಿಯುವ ದಾರಿ ಅಂಡಾಶಯದ ತುಣುಕನ್ನೇ ಕಾಪಿಡುವುದು. ಎಳೆಯ ಅಂಡಾಣುಗಳಿರುವುದು ಅಂಡಾಶಯದ ಹೊರಪದರದಲ್ಲಿ. ಲ್ಯಾಪರೊಸ್ಕೋಪಿ ಮೂಲಕ ಅದನ್ನು ತೆಗೆದು, ಒಂದು ಮಿಲಿಮೀಟರಿನಷ್ಟು ತೆಳುವಾದ ಪಟ್ಟಿಗಳನ್ನಾಗಿಸಿ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಇಡಲಾಗುತ್ತದೆ. ಚಿಕಿತ್ಸೆ ಆರಂಭಕ್ಕೆ ಮುನ್ನವೇ ಈ ಮಾತು ಪ್ರಸ್ತಾಪವಾಗಬೇಕು. ರೋಗದ ಆಘಾತದಲ್ಲಿರುವ ಕುಟುಂಬಕ್ಕೆ ಇದು ಹೊಳೆಯುವುದು ವಿರಳ, ವೈದ್ಯರೇ ಹೇಳಬೇಕಾಗುತ್ತದೆ.

1994ರಲ್ಲಿ ರೋಜರ್ ಗಾಸ್ಡೆನ್ ಮತ್ತು ಸಂಗಡಿಗರು ಕುರಿಗಳಲ್ಲಿ ಈ ವಿಧಾನವನ್ನು ಯಶಸ್ವಿಗೊಳಿಸಿದರು. ಮಾನವರಲ್ಲಿ ಫಲ ಕಂಡದ್ದು 2004ರ ಸೆಪ್ಟೆಂಬರ್‌ನಲ್ಲಿ, ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ. ಹಾಡ್ಜ್‌ಕಿನ್ ಲಿಂಫೋಮಾದ ಚಿಕಿತ್ಸೆಗೆ ಮೊದಲು, 1997ರಲ್ಲಿ, ತೆಗೆದಿರಿಸಿದ್ದ ಅಂಗಾಂಶವನ್ನು ಜಾಕ್ ಡೊನೆ ಅವರ ತಂಡ 2003ರಲ್ಲಿ ಮರುಕಸಿ ಮಾಡಿತ್ತು. ಮಹಿಳೆ ಹೆಣ್ಣುಮಗುವಿಗೆ ಜನ್ಮವಿತ್ತರು. ಅಂಡಾಶಯಗಳನ್ನು ಪೂರ್ಣ ತೆಗೆದಿರದ ಕಾರಣ ಅಂಡಾಣು ಬಂದದ್ದು ಕಸಿಯಿಂದಲೋ ಹಳೆಯ ಅಂಡಾಶಯದಿಂದಲೋ ಎಂದು ಕೆಲವು ವಿಜ್ಞಾನಿಗಳು ಪ್ರಶ್ನಿಸಿದರು. ಪ್ರಶ್ನೆ ನ್ಯಾಯವಾದುದೇ. ಮುಂದೆ ಇತರೆಡೆಯೂ ಹೆರಿಗೆಗಳಾಗಿ, 2017ರ ವೇಳೆಗೆ ಜಗತ್ತಿನಲ್ಲಿ ಇಂತಹ 130ಕ್ಕೂ ಹೆಚ್ಚು ಜನನಗಳು ವರದಿಯಾದವು. 2019ರಲ್ಲಿ ಅಮೆರಿಕದ ಸಂತಾನ ವೈದ್ಯಕೀಯ ಸಂಘವು ಈ ವಿಧಾನವನ್ನು ‘ಪ್ರಾಯೋಗಿಕ’ ಎನ್ನುವುದನ್ನು ಕೈಬಿಟ್ಟಿತು.

ಆದರೂ ಇದು ಎಲ್ಲರಿಗೂ ಸಲ್ಲದು. ರಕ್ತ ಕ್ಯಾನ್ಸರ್ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದವರಲ್ಲಿ, ಕಾಪಿಟ್ಟ ತುಣುಕಿನೊಂದಿಗೆ ರೋಗಕೋಶಗಳೂ ದೇಹಕ್ಕೆ ಮರಳುವ ಅಪಾಯವಿದೆ. ಒಂದೇ ಅಂಡಾಶಯಕ್ಕೆ ಸೀಮಿತವಾದ ಆರಂಭಿಕ ಹಂತದ ಕ್ಯಾನ್ಸರ್‌ನಲ್ಲಿ ಮತ್ತೊಂದನ್ನೂ ಗರ್ಭಕೋಶವನ್ನೂ ಉಳಿಸುವ ಶಸ್ತ್ರಚಿಕಿತ್ಸೆ ಆಯ್ದ ಕೆಲವರಿಗೆ ಸಾಧ್ಯ. ಉಳಿದವರಿಗಾಗಿ ಕಸಿಯನ್ನೇ ತಪ್ಪಿಸುವ ಪ್ರಯತ್ನ ನಡೆದಿದೆ. ಎಡಿನ್‌ಬರೊದ ಎವೆಲಿನ್ ಟೆಲ್ಫರ್ ಅವರ ತಂಡ ಮಾನವ ಅಂಡಾಣುಗಳನ್ನು ತೀರ ಎಳೆಯ ಹಂತದಿಂದ ಪಕ್ವಸ್ಥಿತಿಯವರೆಗೆ ದೇಹದ ಹೊರಗೇ ಬೆಳೆಸಿದ್ದಾಗಿ 2018ರಲ್ಲಿ ಪ್ರಕಟಿಸಿತು. ಪಕ್ವಗೊಂಡವು ಕೆಲವೇ, ಅವುಗಳನ್ನು ಫಲೀಕರಣಕ್ಕೆ ಒಳಪಡಿಸಿ ನೋಡುವುದು ಆ ಅಧ್ಯಯನದ ವ್ಯಾಪ್ತಿಯಲ್ಲಿರಲಿಲ್ಲ.