ಅಡಿಟಿಪ್ಪಣಿಯಲ್ಲಿ ಸತ್ತ ಕಾನೂನು

"ಕಾನೂನು ಗೊತ್ತಿರಲಿಲ್ಲ ಸ್ವಾಮಿ" ಅಂದರೆ ಯಾವ ಕೋರ್ಟೂ ಬಿಡುವುದಿಲ್ಲ. ಇದು ಎಲ್ಲರಿಗೂ ಗೊತ್ತಿರೋ ಮಾತೇ. ಆದರೆ ಅಂಥದ್ದೊಂದು ಕಾನೂನು ಇದೆ ಅಂತ ಸರ್ಕಾರ ಯಾರಿಗೂ ಹೇಳದೇ ಇದ್ದರೆ? ಈ ಪ್ರಶ್ನೆ 1951ರಲ್ಲೇ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು.

ಜೈಪುರ ಸಂಸ್ಥಾನದ ಮಂತ್ರಿಮಂಡಲ 1923ರ ಡಿಸೆಂಬರಿನಲ್ಲಿ ಅಫೀಮು ಕಾಯ್ದೆಯೊಂದಕ್ಕೆ ಒಪ್ಪಿಗೆ ಕೊಟ್ಟು ಸುಮ್ಮನಾಯಿತು. ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಲಿಲ್ಲ, ಜನರಿಗೆ ತಿಳಿಸಲೂ ಇಲ್ಲ. ಎಷ್ಟೋ ವರ್ಷದ ಮೇಲೆ ಹರ್ಲಾ ಎಂಬುವರಿಗೆ ಅದೇ ಕಾಯ್ದೆಯಡಿ 50 ರೂಪಾಯಿ ದಂಡ ಬಿತ್ತು. ಬರೀ ಐವತ್ತು ರೂಪಾಯಿ! ಆದರೂ ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. ಜನರ ಕಣ್ಣಿಗೆ ಬೀಳುವ ಹಾಗೆ ಯಾವುದಾದರೂ ರೀತಿಯಲ್ಲಿ ಪ್ರಕಟ ಮಾಡದ ಕಾನೂನಿನಿಂದ ಯಾರನ್ನೂ ಶಿಕ್ಷಿಸುವಂತಿಲ್ಲ ಎಂದು ನ್ಯಾಯಮೂರ್ತಿ ವಿವಿಯನ್ ಬೋಸ್ ತೀರ್ಪು ಬರೆದರು.

ಸರಿ, ಪ್ರಕಟ ಆಯಿತು ಅಂತಲೇ ಇಟ್ಟುಕೊಳ್ಳಿ. ನಮ್ಮ ನಿಮ್ಮಂಥವರಿಗೆ ಅದು ಸಿಗುವುದು ಎಲ್ಲಿ? ಬಹಳ ಕಾಲ ಅದು ವಕೀಲರ ಆಫೀಸಿನ ಗಾಜಿನ ಬೀರುವಿನಲ್ಲಿ, ದಪ್ಪ ದಪ್ಪ ಸಂಪುಟಗಳಲ್ಲಿ ಕೂತಿತ್ತು. 1992ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಮಾರ್ಟಿನ್ ಮತ್ತು ಥಾಮಸ್ ಬ್ರೂಸ್ ಕಾನೂನನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಕೊಡುವ ಸಂಸ್ಥೆ ಶುರು ಮಾಡಿದರು. 1995ರಲ್ಲಿ ಆಸ್ಟ್ರೇಲಿಯದವರು 'ಆಸ್ಟ್‌ಲೀ' ಕಟ್ಟಿದರು.

ನಮ್ಮಲ್ಲಿ 2007ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ತೀರ್ಪು ಕೊಟ್ಟಿತು. ಪ್ರಕಾಶಕರು ತಮ್ಮ ಬುದ್ಧಿ ಖರ್ಚು ಮಾಡಿ ಸೇರಿಸಿದ ಟಿಪ್ಪಣಿಗಳು ಅವರದ್ದು, ಆದರೆ ತೀರ್ಪಿನ ಮೂಲ ಪಠ್ಯ ಎಲ್ಲರಿಗೂ ಸೇರಿದ್ದು ಎಂದು. ಮರು ತಿಂಗಳೇ, 2008ರ ಜನವರಿಯಲ್ಲಿ, ಕಂಪ್ಯೂಟರ್ ವಿಜ್ಞಾನ ಓದಿದ ಸುಶಾಂತ್ ಸಿನ್ಹಾ 'ಇಂಡಿಯನ್ ಕಾನೂನ್' ಶುರು ಮಾಡಿದರು. ಕಾಯ್ದೆಯ ಸೆಕ್ಷನ್ನುಗಳಿಗೂ ಅವುಗಳ ಬಗ್ಗೆ ಬಂದ ತೀರ್ಪುಗಳಿಗೂ ಕೊಂಡಿ ಹಾಕಿದ್ದು ಅದರ ಹೆಚ್ಚುಗಾರಿಕೆ. ವಕೀಲರಲ್ಲದವರೂ ಕೂತಲ್ಲೇ ತೀರ್ಪು ಹುಡುಕಿ ಓದುವ ಹಾಗಾಯಿತು.

ಹಾಗಾದರೆ ಸಮಸ್ಯೆ ಮುಗಿಯಿತು ಅಲ್ವಾ? ಇಲ್ಲ! ಅಸಲಿ ಕಥೆ ಶುರುವಾಗುವುದೇ ಇಲ್ಲಿಂದ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ಎ ನೆನಪಿದೆಯಾ? ನೆಟ್ಟಿನಲ್ಲಿ "ತೀವ್ರ ಅವಹೇಳನಕಾರಿ" ಸಂದೇಶ ಹಾಕಿದರೆ 3 ವರ್ಷದವರೆಗೆ ಜೈಲು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಂದು ಫೇಸ್‌ಬುಕ್ ಬರಹಕ್ಕಾಗಿ ಇಬ್ಬರು ಹುಡುಗಿಯರ ಬಂಧನವಾದಾಗ ಗದ್ದಲವೆದ್ದಿತು. ಶ್ರೇಯಾ ಸಿಂಘಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಆ ಸೆಕ್ಷನ್ನನ್ನು ಪೂರ್ತಿಯಾಗಿ ರದ್ದು ಮಾಡಿತು. ಟಿವಿ, ಪೇಪರು ಎಲ್ಲ ಕಡೆ ದೊಡ್ಡ ಸುದ್ದಿ.

ಆದರೂ ಪೊಲೀಸರು ಅದೇ ಸೆಕ್ಷನ್ ಹಾಕಿ ಎಫ್‌ಐಆರ್ ಬರೆಯುತ್ತಲೇ ಹೋದರು. 2019ರಲ್ಲಿ ಕೋರ್ಟು ತೀರ್ಪಿನ ಪ್ರತಿಯನ್ನು ಎಲ್ಲ ಹೈಕೋರ್ಟುಗಳಿಗೆ, ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೆ ಕಳಿಸಲು ಹೇಳಿತು. ಅದೂ ಸಾಲಲಿಲ್ಲ. 2021ರ ಮಾರ್ಚಿನಲ್ಲಿ 11 ರಾಜ್ಯಗಳ ಜಿಲ್ಲಾ ಕೋರ್ಟುಗಳಲ್ಲಿ 745 ಕೇಸು ಇನ್ನೂ ನಡೆಯುತ್ತಿವೆ ಎಂದು ಪಿಯುಸಿಎಲ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ತಿಳಿಸಿತು. ಕಡೆಗೆ 2022ರ ಅಕ್ಟೋಬರಿನಲ್ಲಿ, ಈ ಸೆಕ್ಷನ್ನಿನಡಿ ಯಾರ ಮೇಲೂ ಮೊಕದ್ದಮೆ ನಡೆಸುವಂತಿಲ್ಲ ಎಂದು ಕೋರ್ಟು ಮತ್ತೆ ಆದೇಶ ಮಾಡಬೇಕಾಯಿತು.

ಇದಕ್ಕೆ 2021ರಲ್ಲಿ ಆಗಿನ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಕೊಟ್ಟ ವಿವರಣೆ ಕೇಳಿ. ಕಾಯ್ದೆಯ ಪುಸ್ತಕದಲ್ಲಿ 66ಎ ಇನ್ನೂ ಹಾಗೇ ಅಚ್ಚಾಗಿದೆ, ರದ್ದಾಗಿದೆ ಅನ್ನೋದು ಅಡಿಟಿಪ್ಪಣಿಯಲ್ಲಿ ಮಾತ್ರ ಇದೆಯಂತೆ! ಕೋರ್ಟು ಒಂದು ಸೆಕ್ಷನ್ನಿನ ಜೀವ ತೆಗೆಯಬಹುದು, ಆದರೆ ಅಕ್ಷರಗಳನ್ನು ಅಳಿಸೋದು ಸಂಸತ್ತಿನ ಕೆಲಸ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಪ್ಯಾಚ್ ರಿಲೀಸ್ ಆಗಿತ್ತು, ಠಾಣೆಗಳಲ್ಲಿ ಇನ್‌ಸ್ಟಾಲ್ ಆಗಿರಲಿಲ್ಲ. ವ್ಯತ್ಯಾಸ ಏನೆಂದರೆ, ಇಲ್ಲಿ ಕ್ರ್ಯಾಶ್ ಆಗೋದು ಮನುಷ್ಯರ ಬದುಕು.

ಈಗ ಇನ್ನೊಂದು ತೊಡಕು. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮೋಸಗಾರನನ್ನು ನಾವು ಇನ್ನೂ 'ಫೋರ್ ಟ್ವೆಂಟಿ' ಅಂತಲೇ ಬೈಯುತ್ತೇವೆ, ಹೊಸ ಸಂಹಿತೆಯಲ್ಲಿ ಅದು 318(4). ಹಾಗಂತ ಹಳೆಯದನ್ನು ಎಸೆಯುವಂತೆಯೂ ಇಲ್ಲ. ಆ ದಿನಕ್ಕಿಂತ ಮುಂಚಿನ ಅಪರಾಧಕ್ಕೆ ಐಪಿಸಿಯೇ ಅನ್ವಯ. ಅಂದರೆ ನೆಟ್ಟಿನಲ್ಲಿ ಸಿಗುವ ಎರಡೂ ಪುಟ ಸರಿ, ಘಟನೆಯ ತಾರೀಖು ಯಾವುದು ಅನ್ನೋದರ ಮೇಲೆ.

ಆದ್ದರಿಂದ ಯಾರೋ ಫಾರ್ವರ್ಡ್ ಮಾಡಿದ್ದನ್ನು ನಂಬುವ ಮೊದಲು ಮೂಲ ಪಠ್ಯ ತೆಗೆಯಿರಿ. ಕೇಂದ್ರದ ಕಾಯ್ದೆಗಳಿಗೆ 'ಇಂಡಿಯಾ ಕೋಡ್' ಇದೆ. ಕರ್ನಾಟಕದ ಕಾಯ್ದೆಗಳು ಸಂಸದೀಯ ವ್ಯವಹಾರಗಳ ಇಲಾಖೆಯ ತಾಣದಲ್ಲಿ ಕನ್ನಡದಲ್ಲೂ ಸಿಗುತ್ತವೆ. ಆಮೇಲೆ ಅದು ಯಾವ ತಾರೀಖಿನವರೆಗಿನ ಪಠ್ಯ, ನಮ್ಮ ರಾಜ್ಯದ ತಿದ್ದುಪಡಿ ಏನಾದರೂ ಇದೆಯಾ, ನಂತರ ಯಾವ ತೀರ್ಪು ಬಂದಿದೆ ಅಂತ ನೋಡಿ. ಮೈಮೇಲೆ ಕೇಸಿದ್ದರೆ ವಕೀಲರನ್ನೇ ಕೇಳಿ.

1951ರ ಪ್ರಶ್ನೆ ಕಾನೂನು ಪ್ರಕಟವಾಗಿದೆಯಾ ಅನ್ನೋದು. ಇವತ್ತಿನ ಪ್ರಶ್ನೆ, ಪ್ರಕಟವಾಗಿರೋದು ಇನ್ನೂ ಬದುಕಿದೆಯಾ ಅನ್ನೋದು. ಉತ್ತರ ಬಹಳ ಸಲ ಪುಟದ ಕೆಳಗಿನ ಸಣ್ಣಕ್ಷರದಲ್ಲಿರುತ್ತೆ. ಅದನ್ನು ಓದದೆ ಪುಟ ಮುಚ್ಚಬೇಡಿ.