ಬರಕ್ಕೆ ಜಾತಿ ಇಲ್ವಂತೆ. ರಾಗಿ ರೇಟಿಗೆ?



ಮೊನ್ನೆ ಆಫೀಸಲ್ಲಿ ಟೀ ಕುಡಿಯೋವಾಗ ಮಳೆ ಮಾತು ಬಂತು. ಸಹೋದ್ಯೋಗಿಯೊಬ್ಬರು, "ಎಲ್ಲದಕ್ಕೂ ಜಾತಿ ತರ್ತೀರಲ್ಲ ಸಾರ್, ಬರಗಾಲಕ್ಕೆ ಯಾವ ಜಾತಿ? ಮೋಡ ಕೇರಿ ನೋಡ್ಕೊಂಡು ಸುರಿಯುತ್ತಾ?" ಅಂದ್ರು. ಎಲ್ಲರೂ ನಕ್ರು. ನಾನೂ ಸುಮ್ಮನೆ ಎದ್ದು ಬಂದೆ. ಅಲ್ಲಿ ಕೊಡದ ಉತ್ತರ ಇಲ್ಲಿ ಬರೀತಿದೀನಿ.

ಮೋಡಕ್ಕೆ ಜಾತಿ ಇಲ್ಲ, ಒಪ್ಪಿದೆ. ಆದ್ರೆ ಮೋಡ ಕೈಕೊಟ್ಟಾಗ ಕಾಳಿನ ಬೆಲೆ ಏರುತ್ತಲ್ಲ, ಆ ಬೆಲೆ ಯಾರು ತೆರಬೇಕು ಅನ್ನೋದಕ್ಕೆ ಜಾತಿ ಇದೆ.

1876ಕ್ಕೆ ಹೋಗೋಣ. ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರದ ಬರ ಅಂತಿದ್ದದ್ದು ಇದನ್ನೇ. ಆ ವರ್ಷ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. 1877ರಲ್ಲೂ ಮಳೆ ತಡವಾಯ್ತು. ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರನ್ನ ಕೆಡಿಸೋ ಎಲ್ ನಿನೋ ಇದಕ್ಕೆ ಕಾರಣ ಅಂತ ಇವತ್ತು ವಿಜ್ಞಾನಿಗಳು ಹೇಳ್ತಾರೆ. ಅದೇ ಹೊತ್ತಲ್ಲಿ ಉತ್ತರ ಚೀನಾ, ಬ್ರೆಜಿಲ್‌ನ ಈಶಾನ್ಯ ಭಾಗದಲ್ಲೂ ಜನ ಬರಕ್ಕೆ ಸಿಕ್ಕಿ ಸತ್ತರು. ಇಲ್ಲಿವರೆಗೆ ಪ್ರಕೃತಿಯ ಕೆಲಸ.

ಇನ್ನು ಮುಂದಿನದು ಮನುಷ್ಯರ ಕೆಲಸ.

ಭೂಮಿ ಇದ್ದವರ ಮನೆ ಮುಂದೆ ಹಗೇವು ಇರ್ತಿತ್ತು. ರಾಗಿ ಹಗೇವಲ್ಲಿ ವರ್ಷಗಟ್ಟಲೆ ಕೆಡಲ್ಲ. ನಮ್ಮವರಿಗೆ ಭೂಮಿ ಎಲ್ಲಿತ್ತು? ತೋಟಿ ಕೆಲಸ, ತಮಟೆ, ಚಪ್ಪಲಿ, ಜೀತ, ಕಣದ ಕೆಲಸ, ಇದಕ್ಕೆಲ್ಲ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಆಯ, ಕೂಲಿ. ಕೈಗೆ ದುಡ್ಡು ಬರ್ತಿದ್ದದ್ದೇ ಅಪರೂಪ. ಮಳೆ ಇಲ್ಲ ಅಂದ್ರೆ ಕಣ ಇಲ್ಲ, ಕಣ ಇಲ್ಲ ಅಂದ್ರೆ ಆಯ ಇಲ್ಲ. ವರ್ಷವೆಲ್ಲ ಕಾಳು ಕೊಳ್ಳದೆ ಬದುಕಿದ್ದ ಜನ ಮೊದಲ ಸಲ ಸಂತೆಗೆ ಕೊಳ್ಳೋಕೆ ಹೋಗ್ತಾರೆ. ಯಾವಾಗ? ರಾಗಿ ಬೆಲೆ ಮಾಮೂಲಿಗಿಂತ ಎರಡು-ಮೂರು ಪಟ್ಟು ಆಗಿರೋವಾಗ. ಹಗೇವು ಇದ್ದವನಿಗೆ ಆ ಬೆಲೆ ಲಾಭ. ಬರಿಗೈಯವನಿಗೆ ಅದೇ ಬೆಲೆ ಮರಣಶಾಸನ.

ನಮ್ಮಜ್ಜಿ ಹೇಳ್ತಿದ್ದಳು: "ಮಳೆ ಹೋದ್ರೆ ಅವರಿಗೆ ಬೆಳೆ ಹೋಗ್ತಿತ್ತು ಕಣಪ್ಪ, ನಮಗೆ ಉಸಿರು ಹೋಗ್ತಿತ್ತು."

ಆಗ ಬೆಂಗಳೂರಿಗೆ ರೈಲು ಬಂದು ಹತ್ತು ವರ್ಷದ ಮೇಲಾಗಿತ್ತು. ಬರ್ಮಾ, ಬಂಗಾಳದ ಅಕ್ಕಿ ಹಡಗಲ್ಲಿ ಮದ್ರಾಸಿಗೆ ಬಂದು ಇಳೀತಿತ್ತು. ಆದ್ರೆ ವ್ಯಾಪಾರದ ರೈಲು ಕಾಳನ್ನ ಒಯ್ಯೋದು ದುಡ್ಡಿದ್ದ ಕಡೆಗೆ, ಹಸಿವಿದ್ದ ಕಡೆಗಲ್ಲ. ವೈಸರಾಯ್ ಲಿಟ್ಟನ್ ಸರ್ಕಾರ ಮಾರುಕಟ್ಟೆಗೆ ಕೈ ಹಾಕಲ್ಲ ಅಂತ ಕೂತಿತ್ತು. ಆ ವರ್ಷಗಳಲ್ಲೇ ಭಾರತದ ಗೋಧಿ ಇಂಗ್ಲೆಂಡಿಗೆ ಹೋಗ್ತಿತ್ತು. 1877ರ ಜನವರಿ 1ಕ್ಕೆ ದೆಹಲಿಯಲ್ಲಿ ರಾಣಿಯನ್ನ ಚಕ್ರವರ್ತಿನಿ ಅಂತ ಘೋಷಿಸೋ ದರ್ಬಾರೂ ನಡೀತು.

ಒಬ್ಬ ಅಧಿಕಾರಿಯ ಕಥೆ ಕೇಳಿ. ರಿಚರ್ಡ್ ಟೆಂಪಲ್ 1873-74ರ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದ. ಸಾವು ತೀರಾ ಕಡಿಮೆ ಆಯ್ತು. ಬಹುಮಾನ ಏನು ಗೊತ್ತಾ? ದುಂದುವೆಚ್ಚ ಮಾಡಿದ ಅಂತ ಬೈಗುಳ. ಅದೇ ಮನುಷ್ಯನನ್ನ 1877ರಲ್ಲಿ ದಕ್ಷಿಣಕ್ಕೆ ಕಳಿಸಿದಾಗ ಖರ್ಚು ಉಳಿಸಿ ತೋರಿಸಿದ. ಪರಿಹಾರ ಕಾಮಗಾರಿಯಲ್ಲಿ ಮಣ್ಣು ಹೊರೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದ್ರೆ ಸುಮಾರು 450 ಗ್ರಾಂ ಧಾನ್ಯದ ಲೆಕ್ಕದ ಕೂಲಿ, ಮೇಲೊಂದಿಷ್ಟು ಪುಡಿಗಾಸು. ಇಷ್ಟರಲ್ಲಿ ಜೀವ ಉಳಿಯಲ್ಲ ಅಂತ ಮದ್ರಾಸಿನ ಆರೋಗ್ಯ ಅಧಿಕಾರಿ ಕಾರ್ನಿಷ್ ಜಗಳಕ್ಕೇ ನಿಂತರು.

ಮೈಸೂರು ಸೀಮೆಯ ಜನಗಣತಿ ನೋಡಿ. 1871ರಲ್ಲಿ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಎಂಟು ಲಕ್ಷ ಕುಗ್ಗಿತು. ಬರ ಬಂದಾಗ ಮೊದಲು ಬೀಳೋರು ಭೂಮಿಯಿಲ್ಲದ ಕೂಲಿಗಳು, ಕಸುಬುದಾರರು ಅಂತ 1880ರ ಕ್ಷಾಮ ಆಯೋಗವೂ ಗುರುತಿಸಿತು. ಅವರು ಕೂಲಿ ಅಂತ ಬರೆದ್ರು. ಆ ಕೂಲಿಗಳಲ್ಲಿ ಎಷ್ಟೋ ಜನ ನಮ್ಮ ಕೇರಿಯವರು.

ಅದೇ 1877ರಲ್ಲಿ ಸಾವಿತ್ರಿಬಾಯಿ ಫುಲೆ ಜುನ್ನರ್ ಕಡೆ ಬರಪರಿಹಾರಕ್ಕೆ ಓಡಾಡ್ತಾ ಜ್ಯೋತಿಬಾಗೆ ಪತ್ರ ಬರೆದಿದ್ದಾರೆ. ಸತ್ಯಶೋಧಕರು ಹಸಿದ ಮಕ್ಕಳಿಗೆ ಅನ್ನದ ವ್ಯವಸ್ಥೆ ಮಾಡಿದ್ರು. ಅವರು ಕೊಟ್ಟದ್ದು ಅನ್ನ, ಉಪದೇಶ ಅಲ್ಲ.

ಇದು ಹಳೇ ಕಥೆ ಅನ್ಬೇಡಿ. 2023, ಮತ್ತೆ ಎಲ್ ನಿನೋ. ಕರ್ನಾಟಕದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಗೆ ಅಕ್ಕಿ ಸಿಗದೆ, ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಅಕೌಂಟಿಗೆ ಹಾಕಿದ್ರು. ದುಡ್ಡು ಬಂದದ್ದು ಒಳ್ಳೇದೇ. ಆದ್ರೆ ಅಂಗಡಿಯಲ್ಲಿ ಅಕ್ಕಿ ರೇಟು 34ಕ್ಕೆ ನಿಂತಿತ್ತಾ? ನಮ್ಮ ಕೇರಿಯ ಹೆಣ್ಣುಮಕ್ಕಳನ್ನ ಕೇಳಿ. ಬೆಲೆ ಏರಿದರೂ 5 ಕೆಜಿ ಅಕ್ಕಿ 5 ಕೆಜಿಯೇ ಇರುತ್ತೆ. 170 ರೂಪಾಯಿ ಮಾತ್ರ ತಿಂಗಳು ತಿಂಗಳು ಸಣ್ಣದಾಗ್ತಾ ಹೋಗುತ್ತೆ. 2025ರಲ್ಲಿ ದುಡ್ಡಿನ ಬದಲು ಮತ್ತೆ ಅಕ್ಕಿ ಬಂತು. ಮುಂದೆ ಯಾವ ಸರ್ಕಾರವಾದರೂ "ಕಾಳು ಬೇಡ, ಕ್ಯಾಶ್ ತಗೊಳ್ಳಿ" ಅಂದಾಗ 1877 ನೆನಪಿರಲಿ.

ಹಾಗಾಗಿ ಆ ಸಹೋದ್ಯೋಗಿಗೆ ನನ್ನ ಉತ್ತರ ಇಷ್ಟೇ: ಬರಕ್ಕೆ ಜಾತಿ ಇಲ್ಲ ಸಾರ್. ಹಗೇವಿಗೆ ಇತ್ತು. ಪಹಣಿಗೆ ಇವತ್ತೂ ಇದೆ.

ನಿಮ್ಮ ಮನೆಯ ಹಿರಿಯರು ಬರದ ಬಗ್ಗೆ ಹೇಳಿದ್ದು ಏನಾದರೂ ನೆನಪಿದ್ರೆ ಕೆಳಗೆ ಬರೀರಿ. ನಮ್ಮ ಚರಿತ್ರೆ ಗೆಜೆಟಿಯರಲ್ಲಿ ಸಿಗೋದು ಕಮ್ಮಿ, ಅಜ್ಜಿಯರ ಬಾಯಲ್ಲಿ ಜಾಸ್ತಿ.

ಜೈ ಭೀಮ್.