ಊಟದ ನಂತರ ದೋಣಿಯ ಮಾತಿಲ್ಲ

ನಮ್ಮ ಪಠ್ಯಪುಸ್ತಕಗಳಲ್ಲಿ ಯುದ್ಧಗಳಿಗೆ ಜಾಗವಿದೆ, ಒಪ್ಪಂದಗಳಿಗೆ ಜಾಗವಿದೆ, ಭೂಕಂದಾಯಕ್ಕಂತೂ ಬೇಕಾದಷ್ಟು ಜಾಗವಿದೆ. ಜನ ಬಿಡುವಿನ ದಿನಗಳಲ್ಲಿ ಏನು ಮಾಡುತ್ತಿದ್ದರು ಎನ್ನುವುದಕ್ಕೆ ಮಾತ್ರ ಒಂದು ಸಾಲೂ ಇಲ್ಲ. ಪರೀಕ್ಷೆಗೆ ಬಾರದ ಸಂಗತಿ ಎಂದು ಬಿಟ್ಟಿರಬೇಕು. ಆದರೆ ಒಂದು ಕಾಲದ ಮನುಷ್ಯರನ್ನು ಅರಿಯಲು ಅವರು ಆಡಿದ ಯುದ್ಧಕ್ಕಿಂತ ಅವರು ಆಡಿದ ಆಟವೇ ಹೆಚ್ಚು ನೆರವಾಗುತ್ತದೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಐರ್ಲೆಂಡಿನ ಒಂದು ದೋಣಿ ಸಂಘದ ಕತೆ ನೋಡಿ.

ಐರ್ಲೆಂಡಿನ ದಕ್ಷಿಣ ತುದಿಯಲ್ಲಿ ಕಾರ್ಕ್ ಎಂಬ ಬಂದರಿದೆ. ಕಡಲಿಗೆ ತೆರೆದ ಬಾಯಿ ಕಿರಿದು, ಒಳಗೆ ಹೊಟ್ಟೆ ವಿಶಾಲ. ಹೊರಗೆ ಅಟ್ಲಾಂಟಿಕ್ ಎಷ್ಟೇ ಅಬ್ಬರಿಸಲಿ, ಒಳಗೆ ಹಡಗುಗಳು ನಿಶ್ಚಿಂತೆಯಿಂದ ಲಂಗರು ಹಾಕಬಹುದು. ಈ ನೀರಿನ ನಡುವೆ ಒಂದಕ್ಕೊಂದು ಹತ್ತಿರದಲ್ಲೇ ಮೂರು ದ್ವೀಪಗಳಿವೆ: ಕೋವ್ ಪಟ್ಟಣವಿರುವ ಗ್ರೇಟ್ ಐಲೆಂಡ್, ಹಾಲ್‌ಬೋಲಿನ್ ಮತ್ತು ಸ್ಪೈಕ್. 1720ರಲ್ಲಿ ಇಲ್ಲಿನ ಕೆಲವು ಶ್ರೀಮಂತರು ಸೇರಿ ‘ವಾಟರ್ ಕ್ಲಬ್’ ಎಂಬ ಸಂಘ ಕಟ್ಟಿಕೊಂಡರು. ಸದಸ್ಯರ ಮಿತಿ ಇಪ್ಪತ್ತೈದು. ಹಾಲ್‌ಬೋಲಿನ್ ದ್ವೀಪದ ಹಳೆಯ ಕೋಟೆಮನೆಯೇ ಸಂಘದ ನೆಲೆ. ಇಂದು ರಾಯಲ್ ಕಾರ್ಕ್ ಯಾಟ್ ಕ್ಲಬ್ ಎಂದು ಹೆಸರಾಗಿರುವುದು ಇದೇ. ಜಗತ್ತಿನ ಅತ್ಯಂತ ಹಳೆಯ ಹಾಯಿದೋಣಿ ಸಂಘವೆಂಬ ಗೌರವ ಇದರದು.

ಇವರ ನಿಯಮಾವಳಿ ಉಳಿದುಬಂದಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಭರತ ಬಂದಾಗಲೆಲ್ಲ ಸದಸ್ಯರು ಸೇರಬೇಕು. ಸಂಘದ ಮುಖ್ಯಸ್ಥನಿಗೆ ಅಧ್ಯಕ್ಷನೆಂದಲ್ಲ, ಅಡ್ಮಿರಲ್ ಎಂದು ಹೆಸರು. ಅಡ್ಮಿರಲ್ಲನ ದೋಣಿಯನ್ನು ದಾಟಿ ಯಾವ ದೋಣಿಯೂ ಮುಂದೆ ಹೋಗಕೂಡದು, ಅವನ ಅಪ್ಪಣೆಯಿಲ್ಲದೆ ಗುಂಪು ಬಿಡಕೂಡದು. ಔತಣ ಕೊಡುವವನು ಎರಡು ಬಗೆಗಿಂತ ಹೆಚ್ಚು ಮಾಂಸದ ಅಡುಗೆ ತರಕೂಡದು, ಎರಡು ಡಜನ್ನಿಗಿಂತ ಹೆಚ್ಚು ದ್ರಾಕ್ಷಾರಸ ತರಕೂಡದು. ಉದ್ದ ಬಾಲದ ಕೃತಕ ಕೂದಲು, ಅಗಲ ತೋಳಿನ ಅಂಗಿ, ನಿರಿಗೆಯ ಅಂಚು ಇವೆಲ್ಲ ಸಭೆಯಲ್ಲಿ ನಿಷಿದ್ಧ. ನನಗೆ ಎಲ್ಲಕ್ಕಿಂತ ಹಿಡಿಸಿದ ನಿಯಮ ಇನ್ನೊಂದು: ಊಟವಾದ ಮೇಲೆ ದೋಣಿಯ ಮಾತು ಎತ್ತಿದವನಿಗೆ ದಂಡ, ತುಂಬಿದ ಬಟ್ಟಲನ್ನು ಕುಡಿದು ಮುಗಿಸಬೇಕು! ಇದು ದಂಡವೋ ಬಹುಮಾನವೋ ಓದುಗರೇ ಹೇಳಲಿ. ಶಾಲೆಯ ಪ್ರವಾಸಕ್ಕೆ ನಿಯಮ ಬರೆದು ಬರೆದು ಕೈ ಸವೆಸಿಕೊಂಡವಳು ನಾನು. ಸಾಲು ಬಿಡಬೇಡಿ, ಟೀಚರನ್ನು ದಾಟಿ ಓಡಬೇಡಿ, ಹೆಚ್ಚು ತಿಂಡಿ ತರಬೇಡಿ. ಮುನ್ನೂರು ವರ್ಷಗಳ ಹಿಂದಿನ ಜಮೀನುದಾರರಿಗೂ ಹೇಳಬೇಕಾಗಿದ್ದುದು ಅದನ್ನೇ ಎಂದು ತಿಳಿದಾಗ ಒಂದು ಬಗೆಯ ಸಮಾಧಾನವಾಯಿತು.

ವರ್ಷಕ್ಕೊಮ್ಮೆ ದೊಡ್ಡ ಸಮೂಹಯಾನ. ಹದಿನೆಂಟನೆಯ ಶತಮಾನದ ನಡುವೆ ಐರ್ಲೆಂಡ್ ಸುತ್ತಿದ ಇಂಗ್ಲಿಷ್ ಪ್ರವಾಸಿಗಳು ಅದನ್ನು ಬೆರಗಿನಿಂದ ವರ್ಣಿಸಿದ್ದಾರೆ. ಬಣ್ಣ ಬಳಿದು ಚಿನ್ನದ ಲೇಪ ಕೊಟ್ಟ ಪುಟ್ಟ ಹಡಗುಗಳು ಬಂದರಿನ ಬಾಯಿ ದಾಟಿ ಕೆಲವು ಹರದಾರಿ ಕಡಲಿಗೆ ಹೋಗುತ್ತಿದ್ದವು. ಮುಂದೆ ಬಾವುಟ ಹಾರಿಸಿದ ಅಡ್ಮಿರಲ್, ಹಿಂದೆ ರಾಜನ ಯುದ್ಧನೌಕೆಗಳ ಶಿಸ್ತಿನಲ್ಲೇ ಸಾಲುಗಟ್ಟಿದ ಸದಸ್ಯರು, ಸುತ್ತಲೂ ನೋಡಲು ಬಂದ ಲೆಕ್ಕವಿಲ್ಲದಷ್ಟು ದೋಣಿಗಳು, ನಗಾರಿ, ಕಹಳೆ. ಬಾವುಟ ಏರಿಸಿ, ತೋಪು ಹಾರಿಸಿ ಆಜ್ಞೆ ಕೊಡುವುದಕ್ಕೂ ಒಂದು ಸಂಕೇತ ಪಟ್ಟಿ ಇತ್ತು. ಅಟ್ಟಿಸಿಕೊಂಡು ಹೋಗಿ ಎಂಬ ಸಂಕೇತವೂ ಅದರಲ್ಲಿತ್ತು, ಅಟ್ಟಲು ಶತ್ರು ಮಾತ್ರ ಇರಲಿಲ್ಲ. ಪೀಟರ್ ಮೊನಮಿ ಎಂಬ ಚಿತ್ರಕಾರ 1738ರಲ್ಲಿ ಈ ದೋಣಿಗಳ ಸಾಲನ್ನು ಬರೆದಿದ್ದಾನೆ. ಇಸವಿ ಕಂಡರೆ ಆಗ ನಮ್ಮಲ್ಲೇನು ನಡೆಯುತ್ತಿತ್ತು ಎಂದು ನೋಡುವುದು ನನ್ನ ಚಾಳಿ. ಈ ಸಂಘ ಹುಟ್ಟಿದ ಮರುವರ್ಷವೇ, 1721ರಲ್ಲಿ, ಬ್ರಿಟಿಷರೂ ಪೋರ್ಚುಗೀಸರೂ ಒಟ್ಟುಗೂಡಿ ಕಾನ್ಹೋಜಿ ಆಂಗ್ರೆಯ ಕೊಲಾಬಾ ಕೋಟೆಯ ಮೇಲೆ ಬಿದ್ದು ಕೈ ಸುಟ್ಟುಕೊಂಡು ಮರಳಿದ್ದರು. ಅಲ್ಲಿ ಆಟವಾಗಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಟವಾಗಿರಲಿಲ್ಲ.

ಅಲ್ಲಿಯೂ ಅದು ಬರಿಯ ಆಟವಾಗಿತ್ತೇ? ಸಂಘದ ಮೊದಲ ಅಡ್ಮಿರಲ್ ಎಂದು ಹೇಳಲಾಗುವ ಇಂಚಿಕ್ವಿನ್ ಮನೆತನದ ವಿಲಿಯಂ ಓಬ್ರಿಯನ್ನನಿಗೆ 1720ರಲ್ಲಿ ಇಪ್ಪತ್ತರ ಹರೆಯ. ಐರಿಷರು ಇಂದಿಗೂ ಅಭಿಮಾನದಿಂದ ನೆನೆಯುವ, 1014ರಲ್ಲಿ ಯುದ್ಧದಲ್ಲಿ ಮಡಿದ ರಾಜ ಬ್ರಿಯನ್ ಬೋರುವಿನ ವಂಶದ ಕುಡಿ ಅವನು. ಆದರೆ ಆ ಮನೆತನ ಆಳುವವರ ಧರ್ಮವಾದ ಪ್ರಾಟೆಸ್ಟೆಂಟ್ ಪಂಥಕ್ಕೆ ಸೇರಿ ತನ್ನ ಆಸ್ತಿ ಉಳಿಸಿಕೊಂಡಿತ್ತು. ನಾಡಿನ ಬಹುಸಂಖ್ಯಾತರು ಕ್ಯಾಥೊಲಿಕರು. 1695ರ ಕಾಯಿದೆಯಂತೆ ಅವರು ಆಯುಧ ಇಟ್ಟುಕೊಳ್ಳುವಂತಿರಲಿಲ್ಲ, ಐದು ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆಯನ್ನೂ ಇಟ್ಟುಕೊಳ್ಳುವಂತಿರಲಿಲ್ಲ. 1704ರ ಕಾಯಿದೆಯಂತೆ ಭೂಮಿ ಕೊಳ್ಳುವಂತಿರಲಿಲ್ಲ. 1728ರಲ್ಲಿ ಮತದಾನದ ಹಕ್ಕೂ ಹೋಯಿತು. ಅಂಥ ನಾಡಿನಲ್ಲಿ ಕೆಲವೇ ಮಂದಿ ಬೇಸಿಗೆಯ ಸಂತೋಷಕ್ಕಾಗಿ ತೋಪು ಹಾರಿಸುತ್ತಿದ್ದರು. ದಡದಲ್ಲಿ ನಿಂತವರ ಕಿವಿಗೆ ಆ ಸದ್ದು ಹೇಗೆ ಕೇಳಿಸಿತ್ತೋ! 1740–41ರಲ್ಲಿ ಭೀಕರ ಹಿಮ ಬಿದ್ದು ಆಲೂಗಡ್ಡೆ ನೆಲದಲ್ಲೇ ಕೊಳೆತು, ಐರ್ಲೆಂಡಿನಲ್ಲಿ ಲಕ್ಷಾಂತರ ಜನ ಸತ್ತರು. ಮೊನಮಿಯ ಚಿತ್ರದ ಬಣ್ಣಕ್ಕೆ ಆಗಿನ್ನೂ ಎರಡು ವರ್ಷ.

1765ರ ಹೊತ್ತಿಗೆ ಸಂಘ ಮಂಕಾಯಿತು. 1806ರಲ್ಲಿ ಮತ್ತೆ ಚಿಗುರಿ, 1831ರಲ್ಲಿ ‘ರಾಯಲ್’ ಪದವಿ ಪಡೆಯಿತು. ಅಷ್ಟರಲ್ಲಿ ಹಾಲ್‌ಬೋಲಿನ್ ಸರ್ಕಾರದ ಸೇನೆಯ ಕೈಸೇರಿತ್ತು. ಸಂಘ ಕೋವ್ ಪಟ್ಟಣಕ್ಕೆ ಹೋಯಿತು. ಆಮೇಲಿನ ಕತೆಯೇ ನನ್ನನ್ನು ಕಾಡುವುದು. 1847, ಮಹಾಕ್ಷಾಮದ ಕಡುಕಷ್ಟದ ವರ್ಷ. ಹೊಟ್ಟೆಗಿಲ್ಲದೆ ಕದ್ದವರಿಂದ ಸೆರೆಮನೆಗಳು ತುಂಬಿ, ಸ್ಪೈಕ್ ದ್ವೀಪದಲ್ಲಿ ಕೈದಿಗಳ ದೊಡ್ಡ ನೆಲೆ ತೆರೆಯಿತು. ಒಂದು ಹಂತದಲ್ಲಿ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೈದಿಗಳಿದ್ದರು. ರಾಷ್ಟ್ರವಾದಿ ಪತ್ರಕರ್ತ ಜಾನ್ ಮಿಚೆಲ್‌ನನ್ನು 1848ರಲ್ಲಿ ಬರ್ಮುಡಾಕ್ಕೆ ಗಡೀಪಾರು ಮಾಡುವ ಮುನ್ನ ಇರಿಸಿದ್ದು ಇಲ್ಲೇ. ಮುಂದೆ ಇದೇ ಕೈದಿಗಳಿಂದ ಪಕ್ಕದ ಹಾಲ್‌ಬೋಲಿನ್‌ನಲ್ಲಿ ಹಡಗುಕಟ್ಟೆಯ ಕೆಲಸ ಮಾಡಿಸಿದರು. ಎರಡು ಬಗೆ ಅಡುಗೆ ಸಾಕು ಎಂದು ನಿಯಮ ಮಾಡಿಕೊಂಡವರು ಉಂಡ ದ್ವೀಪದಲ್ಲಿ ಇವರು ಕಲ್ಲು ಹೊತ್ತರು.

1854ರಲ್ಲಿ ಕೋವ್‌ನ ನೀರಿನಂಚಿನಲ್ಲಿ ಸಂಘದ ಚೆಂದದ ಕಟ್ಟಡ ಎದ್ದಿತು. ಊರಿಗೆ ಆಗ ಕ್ವೀನ್ಸ್‌ಟೌನ್ ಎಂಬ ಹೆಸರು, 1849ರಲ್ಲಿ ವಿಕ್ಟೋರಿಯಾ ರಾಣಿ ಬಂದುಹೋದ ನೆನಪಿಗೆ. ಅದೇ ಕಟ್ಟೆಯಿಂದಲೇ ವಲಸೆಗಾರರು ಸಣ್ಣ ದೋಣಿ ಹತ್ತಿ, ದೂರದಲ್ಲಿ ನಿಂತ ಹಡಗು ಸೇರುತ್ತಿದ್ದರು. 1848ರಿಂದ 1950ರವರೆಗೆ ಐರ್ಲೆಂಡ್ ಬಿಟ್ಟು ಹೋದವರು ಸುಮಾರು 60 ಲಕ್ಷ; ಅವರಲ್ಲಿ 25 ಲಕ್ಷ ಮಂದಿ ಈ ಒಂದೇ ಬಂದರಿನಿಂದ ಹೊರಟವರು. 1892ರ ಜನವರಿ 1ರಂದು ಅಮೆರಿಕದ ಎಲ್ಲಿಸ್ ದ್ವೀಪದ ವಲಸೆ ಕೇಂದ್ರದಲ್ಲಿ ಮೊತ್ತಮೊದಲು ಹೆಸರು ಬರೆಸಿದ ಆನಿ ಮೂರ್ ಎಂಬ ಹುಡುಗಿ, ಇಬ್ಬರು ತಮ್ಮಂದಿರ ಕೈಹಿಡಿದು ಇಲ್ಲಿಂದಲೇ ಹೋದವಳು. ನಮ್ಮ ಹತ್ತನೇ ತರಗತಿಯ ಹೆಣ್ಣುಮಕ್ಕಳಿಗಿಂತ ಹೆಚ್ಚು ದೊಡ್ಡವಳೇನಲ್ಲ. ಕೋವ್‌ನ ಕಟ್ಟೆಯ ಮೇಲೆ ಈಗ ಅವಳ ಪ್ರತಿಮೆ ಇದೆ. ಹಳೆಯ ಕ್ಲಬ್ ಕಟ್ಟಡ ಕಲಾಕೇಂದ್ರವಾಗಿದೆ.

1960ರ ದಶಕದಲ್ಲಿ ಸಂಘ ಇನ್ನೊಂದು ಸಂಘದೊಂದಿಗೆ ಸೇರಿಕೊಂಡು ಬಂದರಿನ ಮತ್ತೊಂದು ಮಗ್ಗುಲಿನ ಕ್ರಾಸ್‌ಹೇವನ್ ಊರಿಗೆ ಹೋಯಿತು. ಮುಖ್ಯಸ್ಥರನ್ನು ಇಂದಿಗೂ ಅಡ್ಮಿರಲ್ ಎಂದೇ ಕರೆಯುತ್ತಾರೆ. 2020ರಲ್ಲಿ ಮುನ್ನೂರನೆಯ ವರ್ಷದ ದೊಡ್ಡ ಉತ್ಸವಕ್ಕೆ ಸಿದ್ಧತೆ ನಡೆದಿತ್ತು, ಕೋವಿಡ್ ಬಂದು ನಿಂತಿತು. ಹಾಲ್‌ಬೋಲಿನ್‌ನಲ್ಲಿ ಈಗ ಐರ್ಲೆಂಡಿನ ನಿಜವಾದ ನೌಕಾಪಡೆಯ ಕೇಂದ್ರವಿದೆ. ಸ್ಪೈಕ್‌ನ ಸೆರೆಮನೆ 2004ರಲ್ಲಿ ಮುಚ್ಚಿತು, 2016ರಿಂದ ಅಲ್ಲೊಂದು ವಸ್ತುಸಂಗ್ರಹಾಲಯವಿದೆ. ಬೇಸಿಗೆಯಲ್ಲಿ ಕೋವ್‌ನಿಂದ ಅಲ್ಲಿಗೆ ದೋಣಿ ಹೋಗುತ್ತದೆ. ಟಿಕೆಟು ಕೊಂಡ ಯಾರು ಬೇಕಾದರೂ ಹತ್ತಬಹುದು.